ಶರಾವತಿ ಕಣಿವೆ: 54 ಹೆಕ್ಟೇರ್ ಕಾಡಿನ ಲೆಕ್ಕದಲ್ಲಿ ಬಿಟ್ಟುಹೋಗುವುದೇನು?

ಕಾರ್ಗಲ್ ಕಡೆಯವ

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ನಮ್ಮ ಬಳಗದಲ್ಲಿ ಅಲ್ಲೊಂದು ಇಲ್ಲೊಂದು ಮಾತು ನಡೆಯುತ್ತಲೇ ಇದೆ. ಎಲ್ಲವೂ ಒಂದೇ ಕಡೆ ಸಿಗಲಿ ಎಂದು ಈ ಚರ್ಚೆ ತೆರೆಯುತ್ತಿದ್ದೇನೆ.

ಹೊಸಬರಿಗಾಗಿ: ಮೇಲೆ ತಳಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪ ಜಲಾಶಯ. ಎರಡೂ ಈಗಾಗಲೇ ಇವೆ. ಇವುಗಳ ನಡುವೆ ಬೆಟ್ಟದೊಳಗೆ ಸುರಂಗ ಕೊರೆದು ನೆಲದಡಿಯಲ್ಲಿ 2000 ಮೆಗಾವ್ಯಾಟ್ ವಿದ್ಯುದಾಗಾರ ಕಟ್ಟುವುದು ಯೋಜನೆ. ವಿದ್ಯುತ್ ಮಿಗುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಡುವುದು. ಬೇಕಾದ ಅರಣ್ಯ ಸುಮಾರು 54 ಹೆಕ್ಟೇರ್. ಕಡಿಯಬೇಕಾದ ಮರ ಸುಮಾರು 16 ಸಾವಿರ ಎಂದು ಪತ್ರಿಕೆಗಳಲ್ಲಿ ಬಂದಿದೆ.

ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ಕೇಳಿದ: "ನೂರಮೂವತ್ತು ಚಿಲ್ಲರೆ ಎಕರೆ ತಾನೆ? ಒಂದು ಬಡಾವಣೆಗೆ ಅದಕ್ಕಿಂತ ಹೆಚ್ಚು ಜಾಗ ಬೇಕು. ಲಿಂಗನಮಕ್ಕಿಯಲ್ಲಿ ಮುಳುಗಿದ್ದರ ಮುಂದೆ ಇದು ಯಾವ ಲೆಕ್ಕ?"

ಪ್ರಶ್ನೆ ಕುಹಕದ್ದಲ್ಲ, ನಿಜವಾಗಿಯೇ ಕೇಳಿದ್ದು. "ತಾಯಿ ಶರಾವತಿ" ಎಂದು ಭಾವುಕರಾಗುವುದನ್ನು ಬದಿಗಿಟ್ಟು, ಕಾಡು ಕಡಿದರೆ ಏನೇನು ಹೋಗುತ್ತದೆ ಎಂದು ತಿಳಿದವರು ಬರೆಯಿರಿ. ಯೋಜನೆ ಬೇಕು ಎನ್ನುವವರೂ ಬರೆಯಿರಿ. ಪಕ್ಷ ರಾಜಕೀಯ ಬೇಡ.

ಗ್ರಿಡ್ ಗೋಪುರ

ಬೇಕು ಎನ್ನುವವರ ಕಡೆಯಿಂದ ನಾನೇ ಶುರು ಮಾಡುತ್ತೇನೆ. ವಿದ್ಯುತ್ ಪ್ರಸರಣದಲ್ಲಿ ಕೆಲಸ ಮಾಡಿದವನು. ಬೈಯುವವರು ಪೂರ್ತಿ ಓದಿ ಬೈಯಿರಿ.

ಕರ್ನಾಟಕದಲ್ಲಿ ಇಂದು ಹಗಲಿನ ವಿದ್ಯುತ್ತಿಗೆ ಅಷ್ಟೊಂದು ತೊಂದರೆ ಇಲ್ಲ. ಪಾವಗಡ ಒಂದರಲ್ಲೇ 2050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ಮಧ್ಯಾಹ್ನ ಬಿಸಿಲು ಕಾಯುವಾಗ ವಿದ್ಯುತ್ ಹೆಚ್ಚಾಗಿ, ಕಲ್ಲಿದ್ದಲು ಘಟಕಗಳ ಉತ್ಪಾದನೆ ತಗ್ಗಿಸುತ್ತಾರೆ. ಸಂಜೆ ಸೂರ್ಯ ಮುಳುಗಿದ ಕೂಡಲೇ ಮನೆಮನೆಯ ದೀಪ, ಫ್ಯಾನು, ಅಡುಗೆಮನೆ ಎಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಆ ನಾಲ್ಕೈದು ಗಂಟೆ ದಾಟಿಸುವುದೇ ಕಷ್ಟ. ಉಷ್ಣ ಸ್ಥಾವರಕ್ಕೆ ಥಟ್ಟನೆ ಏರಿ ಥಟ್ಟನೆ ಇಳಿಯಲು ಬರುವುದಿಲ್ಲ. ನೀರಿನ ಟರ್ಬೈನಿಗೆ ಬರುತ್ತದೆ.

ತಳಕಳಲೆಗೂ ಗೇರುಸೊಪ್ಪಕ್ಕೂ ನಾಲ್ಕುನೂರು ಮೀಟರಿಗೂ ಮೀರಿದ ಎತ್ತರದ ವ್ಯತ್ಯಾಸವಿದೆ. ಹೊಸ ಅಣೆಕಟ್ಟೆ ಬೇಡ, ಹೊಸ ಮುಳುಗಡೆ ಇಲ್ಲ, ಒಂದು ಊರೂ ನೀರಿನಡಿ ಹೋಗುವುದಿಲ್ಲ. ಇಂಥ ಜಾಗ ರಾಜ್ಯದಲ್ಲಿ ಎಷ್ಟಿವೆ? ಇದನ್ನು ಬಿಟ್ಟರೆ ಉಳಿಯುವುದು ಕಲ್ಲಿದ್ದಲು. ಕಲ್ಲಿದ್ದಲಿನ ಗಣಿಗೂ ಕಾಡೇ ಹೋಗುತ್ತದೆ. ಆದರೆ ಅದು ಛತ್ತೀಸ್‌ಗಢದ ಕಾಡು, ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಸಿಂಗಳೀಕದ ಹಿಂದೆ

ಗ್ರಿಡ್ ಗೋಪುರದವರ ಕೊನೆಯ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಅದಕ್ಕೇ ಲೆಕ್ಕ ಸರಿಯಾಗಿ ಆಗಲಿ ಎನ್ನುತ್ತೇನೆ.

"54 ಹೆಕ್ಟೇರ್" ಎಂಬ ಅಂಕಿಯಲ್ಲಿ ಒಂದು ಮೋಸವಿದೆ. ಅದು ಒಂದೇ ತುಂಡಾಗಿ ಒಂದು ಮೂಲೆಯಲ್ಲಿ ಇರುವ ಜಮೀನಿನಂತೆ ಕೇಳಿಸುತ್ತದೆ. ಸುರಂಗದ ಯೋಜನೆಗೆ ಹೋಗುವ ಕಾಡು ಹಾಗಿರುವುದಿಲ್ಲ. ಯಂತ್ರ ಒಯ್ಯಲು ರಸ್ತೆ, ಸುರಂಗಕ್ಕೆ ಇಳಿಯುವ ಬಾಯಿ, ಕೊರೆದ ಕಲ್ಲುಮಣ್ಣು ಸುರಿಯುವ ಜಾಗ, ಕೆಲಸಗಾರರ ವಸತಿ, ಸ್ಫೋಟಕ ಇಡುವ ಗೋದಾಮು, ಕಲ್ಲು ಪುಡಿ ಮಾಡುವ ಘಟಕ. ಇವು ಕಣಿವೆಯ ಉದ್ದಕ್ಕೂ ಚದುರಿರುತ್ತವೆ. ಅಗಲ ಕಡಿಮೆ, ಉದ್ದ ಹೆಚ್ಚು. ಅಷ್ಟೇ ವಿಸ್ತೀರ್ಣದ ಚೌಕ ಜಾಗಕ್ಕಿಂತ ಉದ್ದನೆಯ ಸೀಳು ಹತ್ತಾರು ಪಟ್ಟು ಹೆಚ್ಚು ಅಂಚನ್ನು ತೆರೆದಿಡುತ್ತದೆ. ಅಂಚಿನಲ್ಲಿ ಬಿಸಿಲು ಬೀಳುತ್ತದೆ, ಗಾಳಿ ನುಗ್ಗುತ್ತದೆ, ನೆಲದ ತೇವ ಆರುತ್ತದೆ. ನೆರಳಿನ ಸಸಿಗಳು ಸತ್ತು ಯುಪಟೋರಿಯಂ, ಲಂಟಾನದಂಥ ಕಳೆಗಳು ಹಬ್ಬುತ್ತವೆ. ಆ ಕೇಡು ಅಂಚಿನಿಂದ ಎಷ್ಟೋ ದೂರ ಒಳಕ್ಕೆ ಹೋಗುತ್ತದೆ, ಅದು ಯಾವ ಹೆಕ್ಟೇರಿನಲ್ಲೂ ಸೇರಿಲ್ಲ.

ಈಗ ಸಿಂಗಳೀಕ ಎಂಬ ಕಾಡುಮಂಗಕ್ಕೆ ಬರುತ್ತೇನೆ. ಈ ಕಣಿವೆಯನ್ನು 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಎಂದು ಘೋಷಿಸಿದ್ದೇ ಅದರ ಹೆಸರಿನಲ್ಲಿ. ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಿಂಹದಂಥ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಶರಾವತಿ–ಅಘನಾಶಿನಿ ಸೀಮೆಯದು ಅದರ ವ್ಯಾಪ್ತಿಯ ಬಹುತೇಕ ಬಡಗಣ ತುದಿ. ಹೆಣ್ಣು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕುತ್ತದೆ. ಎಂದರೆ ಸಂಖ್ಯೆ ಒಮ್ಮೆ ಕುಸಿದರೆ ಊರಿನ ಮಂಗಗಳ ಹಾಗೆ ಬೇಗ ಚೇತರಿಸಿಕೊಳ್ಳುವುದಿಲ್ಲ.

ಇದು ನೆಲಕ್ಕೆ ಇಳಿಯುವುದು ತೀರಾ ಅಪರೂಪ. ಒಂದು ಗುಂಪು ಸಾಗುವುದನ್ನು ಕೆಳಗೆ ನಿಂತು ನೋಡಬೇಕು: ಮುಂದಿನ ಗಂಡು ಕೊಂಬೆಯ ತುದಿಗೆ ಬಂದು ಭಾರ ಹಾಕಿ ತೂಗಿ ನೋಡುತ್ತದೆ, ಹಾರುತ್ತದೆ. ಉಳಿದವು ಅದೇ ಕೊಂಬೆ, ಅದೇ ಜಾಗ. ಮರಿ ಹೊತ್ತ ತಾಯಿ ಮಾತ್ರ ಹಾರದೆ, ಎಲೆಗಳು ಒಂದನ್ನೊಂದು ಮುಟ್ಟುವ ಜಾಗ ಹುಡುಕಿಕೊಂಡು ಸುತ್ತಿ ಬರುತ್ತದೆ. ರಸ್ತೆ ಅಗಲಿಸಿ ಎರಡು ಬದಿಯ ಮರಗಳ ನೆತ್ತಿ ಬೇರೆಯಾಯಿತೆಂದರೆ ಆ ತಾಯಿಗೆ ಆ ಕಡೆಯ ಕಾಡು ಇಲ್ಲವಾದಂತೆ. ಒಂದೂ ಪ್ರಾಣಿ ಸಾಯಲಿಲ್ಲ, ಆದರೂ ಗುಂಪು ಅರ್ಧ ಕಾಡು ಕಳೆದುಕೊಂಡಿತು. ಇದು ಯಾವ ಪಟ್ಟಿಯಲ್ಲಿ ಬರುತ್ತದೆ ಹೇಳಿ.

ಬಾಡಿಗೆ ಮನೆ ಬಸವನಗುಡಿ

ಕಡಿದಷ್ಟಕ್ಕೆ ದುಪ್ಪಟ್ಟು ಗಿಡ ನೆಡಬೇಕೆಂದು ಕಾನೂನೇ ಇದೆಯಲ್ಲ? ನೆಟ್ಟರೆ ಆಯಿತು.

ಸೊಪ್ಪಿನ ಬೆಟ್ಟ

ಬಸವನಗುಡಿಯವರೇ, ಬನ್ನಿ, ನೆಟ್ಟಿರುವುದನ್ನು ತೋರಿಸುತ್ತೇನೆ. ಸಿದ್ದಾಪುರ, ಸಾಗರ, ಹೊಸನಗರ ಯಾವ ರಸ್ತೆಯಲ್ಲಾದರೂ ಬನ್ನಿ. ಸಾಲಿಗೆ ಸಾಲು ಅಕೇಶಿಯಾ. ಅದರಡಿ ಹುಲ್ಲು ಹುಟ್ಟುವುದಿಲ್ಲ, ಅದರ ತರಗೆಲೆ ಗೊಬ್ಬರಕ್ಕೆ ಬಾರದು, ಅದರ ಮೇಲೆ ಹಕ್ಕಿ ಕೂರುವುದೂ ಕಡಿಮೆ. ಕಾಗದದಲ್ಲಿ ಅದೂ ಕಾಡು.

ಪರಿಹಾರ ಅರಣ್ಯೀಕರಣ ಎಂಬುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಬಂದದ್ದು. ಕಾಡಿನ ಬೆಲೆ ಕಟ್ಟಿ ಹಣ ತುಂಬಿಸುತ್ತಾರೆ, ಬೇರೆ ತಾಲ್ಲೂಕಿನಲ್ಲೋ ಬೇರೆ ಜಿಲ್ಲೆಯಲ್ಲೋ ಜಾಗ ತೋರಿಸುತ್ತಾರೆ. ಹಲವು ಸಲ ಅಲ್ಲಿ ಇದ್ದ ಹುಲ್ಲುಗಾವಲನ್ನೋ ಕುರುಚಲನ್ನೋ ಅಗೆದು ಗುಂಡಿ ತೆಗೆಯುತ್ತಾರೆ. ಒಂದು ಕಾಡು ಹೋಗಿದ್ದಲ್ಲದೆ ಇನ್ನೊಂದು ಬಯಲೂ ಹೋಯಿತು.

ಗೇರುಸೊಪ್ಪ ಘಾಟಿಯ ಮೇಲೆ, ಮಲೆಮನೆ ಹತ್ತಿರ ಕತ್ತಲೆಕಾನು ಇದೆ. ಹೆಸರೇ ಹೇಳುತ್ತದೆ, ನಡುಹಗಲಲ್ಲೂ ಅಲ್ಲಿ ಬೆಳಕು ಸೋಸಿ ಬರುತ್ತದೆ. ಅಲ್ಲಿನ ಹಳ್ಳದ ಬದಿಯಲ್ಲಿ ರಾಮಪತ್ರೆ (ಕಾಡು ಜಾಯಿಕಾಯಿ) ಜಡ್ಡಿಗಳಿವೆ. ಜಡ್ಡಿ ಎಂದರೆ ಕಾಡಿನೊಳಗಿನ ಜೌಗು. ಮರದ ಬೇರುಗಳು ಕೆಸರಿನಿಂದ ಮೇಲೆದ್ದು, ಮೊಣಕಾಲು ಮಡಚಿದಂತೆ ಬಾಗಿ, ಮತ್ತೆ ಕೆಸರಿಗೇ ಇಳಿದಿರುತ್ತವೆ. ನೀರಿನಲ್ಲಿ ಉಸಿರಾಡಲು ಅವು ಮಾಡಿಕೊಂಡ ಉಪಾಯ ಅದು. ಏಪ್ರಿಲ್‌ನಲ್ಲಿ ಊರಿನ ಬಾವಿಗಳು ತಳ ಕಂಡಾಗಲೂ ಜಡ್ಡಿಯಿಂದ ಸಣ್ಣಗೆ ನೀರು ಹರಿಯುತ್ತಲೇ ಇರುತ್ತದೆ. ಕೆಳಗಿನ ಅಡಿಕೆ ತೋಟಗಳು ಬದುಕಿರುವುದು ಆ ನೀರಿನಲ್ಲಿ. ಜಗತ್ತಿಗೇ ಹೊಸದಾದ ಒಂದು ಮರದ ಜಾತಿಯನ್ನು ಇದೇ ಕತ್ತಲೆಕಾನಿನಲ್ಲಿ ಗುರುತಿಸಿ, ಅದಕ್ಕೆ ಈ ಊರಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಗೇರಿನ ಕುಟುಂಬದ್ದು, ಉಳಿದಿರುವುದು ಬೆರಳೆಣಿಕೆಯ ಜಡ್ಡಿಗಳಲ್ಲಿ.

ರಾಮಪತ್ರೆಯ ಬೀಜ ದಪ್ಪ, ಒಣಗಿದರೆ ಮೊಳೆಯುವುದಿಲ್ಲ. ಮಂಗಟ್ಟೆಯೋ ಪಾರಿವಾಳವೋ ನುಂಗಿ ಒಯ್ದು ನೆರಳಿನ ಹಸಿ ನೆಲದಲ್ಲಿ ಉದುರಿಸಬೇಕು. ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದರೂ ನೆಡುವುದಕ್ಕೆ ಜಡ್ಡಿ ಎಲ್ಲಿಂದ ತರುತ್ತೀರಿ? ದುಪ್ಪಟ್ಟಂತೆ!

ಬಾಡಿಗೆ ಮನೆ ಬಸವನಗುಡಿ

ಕೇಳಿದ್ದು ತಿಳಿಯಲಿಕ್ಕೇ. ಇಷ್ಟು ಕೋಪ ಏಕೆ ಸ್ವಾಮಿ?

ಸೊಪ್ಪಿನ ಬೆಟ್ಟ

ನಿಮ್ಮ ಮೇಲಲ್ಲ. "ನೆಟ್ಟರೆ ಆಯಿತು" ಎಂಬ ಮಾತನ್ನು ಅಧಿಕಾರಿಗಳ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದೆ.

ತುಮರಿ ದಡ

ಇಲ್ಲಿ ಯಾರೂ ಎತ್ತದ ಮಾತೊಂದಿದೆ. ನಮ್ಮದು ಹಿನ್ನೀರಿನ ಊರು. ಲಿಂಗನಮಕ್ಕಿ 1964ರಲ್ಲಿ ತುಂಬಿದಾಗ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ ನೀರಾಯಿತು. ಅದಕ್ಕೂ ಮೊದಲು ಹಿರೇಭಾಸ್ಕರದಲ್ಲಿ, ನಾವು ಮಡೆನೂರು ಅಣೆಕಟ್ಟೆ ಎನ್ನುತ್ತೇವೆ, 1948ರಲ್ಲಿ ಒಂದು ಕಟ್ಟೆ ಕಟ್ಟಿದ್ದರು. ಹದಿನೈದು ಹದಿನಾರು ವರ್ಷಕ್ಕೆ ಆ ಕಟ್ಟೆಯನ್ನೇ ಲಿಂಗನಮಕ್ಕಿ ನುಂಗಿತು. ಬರಗಾಲದ ಬೇಸಿಗೆಯಲ್ಲಿ ನೀರು ಇಳಿದರೆ ಈಗಲೂ ಮೇಲೆ ಬರುತ್ತದೆ, ಜನ ಫೋಟೋ ತೆಗೆಯಲು ಹೋಗುತ್ತಾರೆ. ಅದರ ಆಚೀಚೆ ಕಪ್ಪಗೆ ನಿಂತ ಬೊಡ್ಡೆಗಳ ಫೋಟೋ ಯಾರೂ ತೆಗೆಯುವುದಿಲ್ಲ. ಅರವತ್ತು ವರ್ಷ ನೀರಿನಲ್ಲಿದ್ದರೂ ಕೆಲವು ಮರ ಕೊಳೆತಿಲ್ಲ.

ಆಗ ಪರಿಸರ ಪರಿಣಾಮದ ವರದಿಯೂ ಇರಲಿಲ್ಲ, ಅಹವಾಲು ಸಭೆಯೂ ಇರಲಿಲ್ಲ. ನಮ್ಮ ಹಿರಿಯರನ್ನು ಲಾರಿಯಲ್ಲಿ ಹತ್ತಿಸಿ ದೂರದ ಕಾಡಿನಲ್ಲಿ ಇಳಿಸಿದರು. ಅಲ್ಲಿ ಬದುಕಬೇಕಾದರೆ ಏನು ಮಾಡಬೇಕು? ಕಾಡನ್ನೇ ಕಡಿಯಬೇಕು. ಮುಳುಗಿದ್ದು ಒಂದು ಕಾಡು, ಮುಳುಗಿದವರಿಗಾಗಿ ಬಿದ್ದದ್ದು ಮತ್ತೊಂದು ಕಾಡು. ಈ ಎರಡನೆಯದನ್ನು ಅಣೆಕಟ್ಟೆಯ ಖಾತೆಗೆ ಬರೆದವರನ್ನು ನಾನು ಕಂಡಿಲ್ಲ. ಅದು ನಮ್ಮ ಖಾತೆಗೆ ಬಂತು. ಹಕ್ಕುಪತ್ರ ಕೇಳಿದರೆ "ನೀವು ಅರಣ್ಯ ಒತ್ತುವರಿದಾರರು" ಎನ್ನುತ್ತಾರೆ. ಆ ಜಾಗವನ್ನು ಅರಣ್ಯದ ಪಟ್ಟಿಯಿಂದ ಕೈಬಿಡಲು ರಾಜ್ಯ ಹೊರಡಿಸಿದ್ದ ಡಿನೋಟಿಫಿಕೇಷನ್ ಆದೇಶಗಳು ಕೇಂದ್ರದ ಪೂರ್ವಾನುಮತಿ ಇಲ್ಲ ಎಂಬ ಕಾರಣಕ್ಕೆ 2021ರಲ್ಲಿ ರದ್ದಾದವು. ಅಜ್ಜ ಊರು ಬಿಟ್ಟ, ಅಪ್ಪ ಅರ್ಜಿ ಬರೆದ, ನಾನು ಅರ್ಜಿಯ ನಕಲು ಕಾಯುತ್ತಿದ್ದೇನೆ.

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನಮ್ಮ ಕರೂರು ಸೀಮೆಗೆ ಹೇಳಿ ಮಾಡಿಸಿದ ಮಾತು. ಹೊಳೆ ದಾಟಲು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಲಾಂಚೇ ಗತಿ. ರಾತ್ರಿ ಹೆರಿಗೆ ನೋವು ಬಂದರೆ ಬೆಳಗಾಗುವವರೆಗೆ ಕಾಯಬೇಕಾಗಿತ್ತು, ಇಲ್ಲವೇ ಕಾಡಿನ ರಸ್ತೆಯಲ್ಲಿ ಸುತ್ತಿ ಹೋಗಬೇಕಾಗಿತ್ತು.

ಆದ್ದರಿಂದ ಕಾಡು ಉಳಿಸುವವರಿಗೂ ನನ್ನದೊಂದು ಪ್ರಶ್ನೆ. 54 ಹೆಕ್ಟೇರಿಗೆ ಇಷ್ಟು ದನಿ ಎತ್ತುವ ನೀವು, ನಮ್ಮ ಮೇಲೆ ಅರಣ್ಯದ ಕೇಸು ಬಿದ್ದಾಗ ಎಲ್ಲಿದ್ದಿರಿ?

ಸಿಂಗಳೀಕದ ಹಿಂದೆ

ತುಮರಿಯವರೇ, ನಿಮ್ಮ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಅರಣ್ಯಶಾಸ್ತ್ರ ಓದಿದವರಲ್ಲಿ ಬಹಳಷ್ಟು ಜನಕ್ಕೆ ಮುಳುಗಡೆಯ ಕಥೆಯೇ ಗೊತ್ತಿಲ್ಲ. ಆದರೆ ನೀವು ಹೇಳಿದ "ಎರಡನೆಯ ಕಾಡು" ಈ ಚರ್ಚೆಗೆ ತೀರಾ ಮುಖ್ಯವಾದದ್ದು. ಪ್ರತಿ ಯೋಜನೆಯೂ ತನ್ನ ಬೇಲಿಯೊಳಗಿನ ಮರ ಮಾತ್ರ ಎಣಿಸುತ್ತದೆ.

ಹೊನ್ನಾವರ ಅಳಿವೆ

ಘಟ್ಟದ ಮೇಲಿನವರ ಮಾತಾಯಿತು, ಕೆಳಗಿನವರದ್ದನ್ನೂ ಕೇಳಿ. ಶರಾವತಿ ಕಡಲು ಸೇರುವುದು ನಮ್ಮಲ್ಲಿ.

ಅಳಿವೆ ಎಂದರೆ ಸಿಹಿನೀರೂ ಉಪ್ಪುನೀರೂ ಬೆರೆಯುವ ಜಾಗ. ಮಳೆಗಾಲದಲ್ಲಿ ಸಿಹಿ ಹೆಚ್ಚು, ಬೇಸಿಗೆಯಲ್ಲಿ ಭರತಕ್ಕೆ ಉಪ್ಪು ಒಳಗೆ ಹತ್ತುತ್ತದೆ. ಈ ಏರಿಳಿತಕ್ಕೆ ಒಗ್ಗಿದ ಜೀವಿಗಳೇ ಅಲ್ಲಿರುವುದು: ಬೆಳಚು ಎಂಬ ಚಿಪ್ಪುಜೀವಿ, ಸಿಗಡಿ, ಏಡಿ, ನೊಗಲಿ. ಮೇಲೆ ವಿದ್ಯುತ್ ಉತ್ಪಾದನೆ ಶುರುವಾದ ಮೇಲೆ ವರ್ಷವಿಡೀ ಟರ್ಬೈನು ದಾಟಿದ ಸಿಹಿನೀರು ಬರತೊಡಗಿತು. ಬೇಸಿಗೆಯಲ್ಲಿ ಉಪ್ಪು ಹತ್ತಬೇಕಾದಷ್ಟು ಹತ್ತುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಅಕ್ಕಪಕ್ಕದ ಎರಡು ಅಳಿವೆಗಳನ್ನು ಹೋಲಿಸಿ ಅಧ್ಯಯನ ಮಾಡಿದ್ದಾರೆ. ಅಣೆಕಟ್ಟೆ ಇಲ್ಲದ ಅಘನಾಶಿನಿಯಲ್ಲಿ ಚಿಪ್ಪುಜೀವಿಗಳು ಯಥೇಚ್ಛ. ತದಡಿ, ಐಗಳಕೂರ್ವೆ ಕಡೆ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಬೆಳಚು ಆರಿಸಲು ಇಳಿಯುತ್ತಾರೆ. ಉಪ್ಪು ತಡೆಯುವ ಕಗ್ಗ ಭತ್ತ ಅಲ್ಲಿನ ಗಜನಿಗಳಲ್ಲಿ, ಎಂದರೆ ಅಳಿವೆ ಬದಿಯ ಗದ್ದೆಗಳಲ್ಲಿ, ಇನ್ನೂ ಇದೆ. ಶರಾವತಿಯಲ್ಲಿ ತಿನ್ನುವ ಚಿಪ್ಪುಜೀವಿಗಳು ಬಹುಮಟ್ಟಿಗೆ ಕಾಣೆಯಾದವು. ಎರಡು ನದಿಗಳ ನಡುವಿನ ಅಂತರ ಬಸ್ಸಿನಲ್ಲಿ ಒಂದು ಗಂಟೆಯಷ್ಟೂ ಇಲ್ಲ.

ಯಾವ ಬೆಳಚು ಆರಿಸುವ ಹೆಂಗಸಿಗೂ ಲಿಂಗನಮಕ್ಕಿಯ ಪರಿಹಾರ ಸಿಕ್ಕಿಲ್ಲ, ಏಕೆಂದರೆ ಅವಳ ಮನೆ ಮುಳುಗಲಿಲ್ಲ.

ಗ್ರಿಡ್ ಗೋಪುರ

ಅಳಿವೆಯವರೇ, ಇದು ಹಳೆಯ ಯೋಜನೆಗಳ ದೋಷ. ಪಂಪ್ಡ್ ಸ್ಟೋರೇಜ್ ಅದೇ ನೀರನ್ನು ಮೇಲೆ ಕೆಳಗೆ ಸುತ್ತಿಸುತ್ತದೆ, ಹೊಸದಾಗಿ ನದಿಗೆ ನೀರು ಬಿಡುವುದಿಲ್ಲ, ನದಿಯಿಂದ ಕಸಿಯುವುದೂ ಇಲ್ಲ. ಹಳೆಯ ಪಾಪವನ್ನೆಲ್ಲ ಹೊಸದರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹೊನ್ನಾವರ ಅಳಿವೆ

ನೀರು ಸುತ್ತುತ್ತದೆ ಎಂಬುದು ಸರಿ. ಆದರೆ ಗೇರುಸೊಪ್ಪದಿಂದ ನಮ್ಮ ಕಡೆ ನೀರು ಯಾವ ಹೊತ್ತಿಗೆ, ಎಷ್ಟು ಬರಬೇಕು ಎಂಬುದನ್ನು ಈಗ ಒಂದು ವಿದ್ಯುದಾಗಾರ ನಿರ್ಧರಿಸುತ್ತದೆ. ನಾಳೆ ಅದೇ ಜಲಾಶಯದ ಮೇಲೆ ಮತ್ತೊಂದು ಯಂತ್ರದ ಹಿಡಿತವೂ ಬರುತ್ತದೆ. ಅದು ತುಂಬಿಕೊಳ್ಳುವ ಹೊತ್ತಿಗೆ ಕೆಳಗೆ ಏನು ಬಿಡುತ್ತಾರೆ? ಗೇರುಸೊಪ್ಪದಿಂದ ಹೊನ್ನಾವರದವರೆಗೆ ಎರಡೂ ದಡದಲ್ಲಿ ಕುಡಿಯುವ ನೀರೂ ತೋಟದ ನೀರೂ ಈ ಹೊಳೆಯದೇ. ಈ ಪ್ರಶ್ನೆಯನ್ನು 2025ರ ಸೆಪ್ಟೆಂಬರ್‌ನ ಅಹವಾಲು ಸಭೆಯ ಹೊತ್ತಿನಿಂದ ಕೇಳುತ್ತಲೇ ಇದ್ದೇವೆ. ಹಳೆಯ ಪಾಪ ಎಂದಿರಿ. ಹಳೆಯದನ್ನು ತೀರಿಸದವನು ಹೊಸ ಸಾಲಕ್ಕೆ ಬಂದಾಗ ಯಾವ ಸೊಸೈಟಿಯವನೂ ಕಣ್ಣು ಮುಚ್ಚಿ ಕೊಡುವುದಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ಜಲವಿದ್ಯುತ್ ಎಂದರೆ ಹೊಗೆ ಇಲ್ಲದ ವಿದ್ಯುತ್ ಎಂದು ನಾವೇ ಪಾಠ ಮಾಡುತ್ತೇವೆ. ಅದು ಪೂರ್ತಿ ನಿಜವಲ್ಲ. ಕಾಡನ್ನು ಕಡಿಯದೆ ಹಾಗೇ ಮುಳುಗಿಸಿದರೆ ಎಲೆ, ಕೊಂಬೆ, ಬೇರು, ಮಣ್ಣಿನ ಜೈವಿಕ ಅಂಶ ಎಲ್ಲವೂ ತಳದಲ್ಲಿ ಗಾಳಿಯಿಲ್ಲದೆ ಕೊಳೆಯುತ್ತದೆ. ಹೊರಬರುವುದು ಮೀಥೇನ್. ಇಂಗಾಲದ ಡೈಆಕ್ಸೈಡಿಗಿಂತ ಅದರ ತಾಪ ಹಿಡಿಯುವ ಶಕ್ತಿ ಎಷ್ಟೋ ಪಟ್ಟು ಹೆಚ್ಚು. ಉಷ್ಣವಲಯದ ಆಳವಿಲ್ಲದ, ಹರಡಿಕೊಂಡ ಜಲಾಶಯಗಳಲ್ಲಿ ಈ ಕೇಡು ಜಾಸ್ತಿ. ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ ಬಾಲ್ಬಿನಾ ಎಂಬ ಅಣೆಕಟ್ಟೆ ಇದೆ. 250 ಮೆಗಾವ್ಯಾಟಿಗಾಗಿ 2,300 ಚದರ ಕಿಲೋಮೀಟರಿಗೂ ಹೆಚ್ಚು ಮಳೆಕಾಡು ಮುಳುಗಿಸಿದರು. ಅಷ್ಟೇ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ತೆಗೆದಿದ್ದರೂ ಗಾಳಿಗೆ ಅಷ್ಟು ಹಸಿರುಮನೆ ಅನಿಲ ಸೇರುತ್ತಿರಲಿಲ್ಲ ಎನ್ನುವ ಮಟ್ಟಿಗೆ ಅದು ಕುಖ್ಯಾತ. ಗುಡ್ಡದ ತುದಿಗಳು ಸಾವಿರಾರು ದ್ವೀಪಗಳಾಗಿ ಉಳಿದವು. ಆ ಪುಟ್ಟ ದ್ವೀಪಗಳಲ್ಲಿ ಸಿಕ್ಕಿಕೊಂಡ ಪ್ರಾಣಿಗಳು ವರ್ಷಗಳು ಕಳೆದಂತೆ ಒಂದೊಂದೇ ಜಾತಿಯಾಗಿ ಇಲ್ಲವಾದವು.

ಇದನ್ನು ಶರಾವತಿಯ ಹೊಸ ಯೋಜನೆಗೆ ಹಾಗೇ ಅಂಟಿಸಬೇಡಿ. ಇಲ್ಲಿ ಹೊಸ ಮುಳುಗಡೆ ಇಲ್ಲ, ಮೀಥೇನ್ ವಾದ ನಿಲ್ಲುವುದಿಲ್ಲ. ವಿರೋಧಿಸುವವರು ಸಿಕ್ಕಿದ್ದನ್ನೆಲ್ಲ ಎಸೆದರೆ ನಿಜವಾದ ಮಾತೂ ಅದರೊಂದಿಗೆ ಹೋಗುತ್ತದೆ.

ಗ್ರಿಡ್ ಗೋಪುರ

ಮೇಷ್ಟ್ರೇ, ಧನ್ಯವಾದ. ಇಷ್ಟು ನ್ಯಾಯವಾಗಿ ಯಾರೂ ಮಾತಾಡಿರಲಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ಖುಷಿಪಡಬೇಡಿ, ಇನ್ನೊಂದು ಬಾಕಿ ಇದೆ. ನೀರೆತ್ತಲು ಖರ್ಚಾಗುವ ವಿದ್ಯುತ್ ವಾಪಸ್ ಬರುವುದಕ್ಕಿಂತ ಹೆಚ್ಚು. ಒಳ್ಳೆಯ ಪಂಪ್ಡ್ ಸ್ಟೋರೇಜ್‌ನಲ್ಲೂ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಭಾಗ ನಷ್ಟ. ಎತ್ತಲು ಬಳಸುವುದು ಸೌರ ವಿದ್ಯುತ್ತಾದರೆ ಸರಿ. ರಾತ್ರಿ ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ನೀರೆತ್ತಿದರೆ? ಅದನ್ನು ತಡೆಯುವ ಷರತ್ತು ಎಲ್ಲಾದರೂ ಇದೆಯೇ?

ಶಿರಸಿಯ ಹಳಬ

ಈ ಚರ್ಚೆ ಓದುತ್ತಾ ಬೇಡ್ತಿಯ ದಿನಗಳು ನೆನಪಾದವು. 1980ರ ಸುಮಾರಿಗೆ ಬೇಡ್ತಿ ನದಿಗೆ ಅಣೆಕಟ್ಟೆ ಎಂದಾಗ ಅಡಿಕೆ ಬೆಳೆಗಾರರಿಗೆ ಮೊದಲು ಕಂಡದ್ದು ತಮ್ಮ ತೋಟ ಮುಳುಗುವುದು. ಆಗ ಬರೀ ಧಿಕ್ಕಾರ ಕೂಗಿದ್ದರೆ ಕೆಲಸ ಕೆಡುತ್ತಿತ್ತು. ಶಿರಸಿಯ ತೋಟಗಾರ್ಸ್ ಸೊಸೈಟಿ 1981ರಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು ಕರೆಸಿ ವಿಚಾರ ಸಂಕಿರಣ ಮಾಡಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ಜಿಲ್ಲೆಯ ಕಾಡಿನಲ್ಲಿ ಆಗಲೇ ಕೆಲಸ ಮಾಡುತ್ತಿದ್ದರು. ಮುಳುಗುವ ತೋಟದ ಫಸಲು, ಸೊಪ್ಪು, ಕಾಡಿನ ಉತ್ಪನ್ನ ಎಲ್ಲಕ್ಕೂ ಬೆಲೆ ಹಾಕಿ ನೋಡಿದಾಗ ಯೋಜನೆಯ ಲಾಭ–ನಷ್ಟದ ಪಟ್ಟಿ ತಲೆಕೆಳಗಾಯಿತು. ಯೋಜನೆ ನಿಂತಿತು.

ಅದೇ ಕಾಲಕ್ಕೆ ಕೇರಳದ ಸೈಲೆಂಟ್ ವ್ಯಾಲಿ. ಕುಂತಿಪುಳ ನದಿಗೆ 120 ಮೆಗಾವ್ಯಾಟಿನ ಯೋಜನೆ. ಮುಳುಗುವುದು ಕಣಿವೆಯ ಸಣ್ಣ ಭಾಗ ಮಾತ್ರ ಎಂದು ಅಲ್ಲಿಯೂ ಹೇಳಿದ್ದರು. ಆ ಹೋರಾಟದ ಮುಖವಾಗಿದ್ದು ಇದೇ ಸಿಂಗಳೀಕ. 1984ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕೇರಳ ಕತ್ತಲೆಯಲ್ಲಿ ಮುಳುಗಲಿಲ್ಲ.

ಕಾಳಿ ನದಿಯ ಕಥೆ ಬೇರೆ. ಅಲ್ಲಿ ಸೂಪಾ ಊರೇ ಮುಳುಗಿತು, ಆಮೇಲೆ ಕೊಡಸಳ್ಳಿ, ಕದ್ರಾ ಎಂದು ನದಿಯುದ್ದಕ್ಕೂ ಕಟ್ಟೆಗಳಾದವು. ಇಂದು ಸೂಪಾದ ಬಗ್ಗೆ ಕೇಳಿದರೆ ಅಣೆಕಟ್ಟೆಯ ಎತ್ತರ 101 ಮೀಟರ್ ಎನ್ನುತ್ತಾರೆ. ಊರಿನ ಬಗ್ಗೆ ಹೇಳುವವರು ಕಡಿಮೆಯಾಗುತ್ತಿದ್ದಾರೆ.

ನಿರ್ವಾಹಕರು

ಮೂರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. "ಅಭಿವೃದ್ಧಿ ವಿರೋಧಿಗಳು", "ಗುತ್ತಿಗೆದಾರರ ಏಜೆಂಟ್" ಎಂಬ ಬಿರುದು ಪ್ರದಾನ ಇಲ್ಲಿ ಬೇಡ.

ಮಣ್ಣು ಪರೀಕ್ಷೆ

ಸುರಂಗ ಎಂದರೆ "ಎಲ್ಲವೂ ನೆಲದಡಿ, ಮೇಲೆ ಏನೂ ಆಗುವುದಿಲ್ಲ" ಎಂಬ ಭಾವನೆ ಇದೆ. ಭೂಗರ್ಭದ ಕೆಲಸ ಮಾಡಿದವನಾಗಿ ಎರಡು ಮಾತು.

ಮೊದಲನೆಯದು, ಅಗೆದದ್ದು ಎಲ್ಲಿಗೆ ಹೋಗುತ್ತದೆ? ಬಂಡೆ ಒಡೆದರೆ ಉಬ್ಬುತ್ತದೆ, ಒಳಗಿದ್ದುದಕ್ಕಿಂತ ಒಂದೂವರೆ ಪಟ್ಟಿನವರೆಗೂ ಜಾಗ ಬೇಡುತ್ತದೆ. ಅದನ್ನು ಇಳಿಜಾರಿನಲ್ಲೇ ಎಲ್ಲೋ ಸುರಿಯಬೇಕು. ತಡೆಗೋಡೆ ಕಟ್ಟುತ್ತೇವೆ ಎನ್ನುತ್ತಾರೆ. ವರ್ಷಕ್ಕೆ ನಾಲ್ಕೈದು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಘಟ್ಟದಲ್ಲಿ ಸಡಿಲ ಮಣ್ಣಿನ ರಾಶಿ ಎಷ್ಟು ಮಳೆಗಾಲ ತಡೆದೀತು? ಕೊಚ್ಚಿಹೋದರೆ ಸೇರುವುದು ಹಳ್ಳಕ್ಕೆ, ಹಳ್ಳದಿಂದ ಜಲಾಶಯಕ್ಕೆ. ಯೋಜನೆ ತನ್ನ ಹೊಟ್ಟೆಗೆ ತಾನೇ ಹೂಳು ತುಂಬಿಕೊಳ್ಳುತ್ತದೆ.

ಎರಡನೆಯದು, ಮೇಲಿನ ಹಳ್ಳಗಳು. ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆನೀರೇ ಬೇಸಿಗೆಯ ಒರತೆ. ಸೊಪ್ಪಿನ ಬೆಟ್ಟದವರು ಹೇಳಿದ ಜಡ್ಡಿಗಳಿಗೂ ಅದೇ ಆಧಾರ. ಸುರಂಗ ಆ ಬಿರುಕನ್ನು ಕತ್ತರಿಸಿದರೆ ನೀರು ಸುರಂಗಕ್ಕೆ ಸೋರುತ್ತದೆ, ಒರತೆ ಬತ್ತುತ್ತದೆ. ಬಿರುಕಿಗೆ ಸಿಮೆಂಟ್ ತುಂಬಿ (ಗ್ರೌಟಿಂಗ್) ತಡೆಯಬಹುದು, ಎಲ್ಲ ಕಡೆ ಯಶಸ್ವಿಯಾಗುವುದಿಲ್ಲ. ಒಂದೂ ಮರ ಕಡಿಯದ ಜಾಗದಲ್ಲೂ ಕಾಡು ಒಣಗುವುದು ಹೀಗೆ.

ಕುಸಿತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಯಲ್ಲಾಪುರದ ಕಳಚೆ 2021ರಲ್ಲಿ, ಅಂಕೋಲಾದ ಶಿರೂರು 2024ರಲ್ಲಿ. ಎರಡೂ ಉತ್ತರ ಕನ್ನಡ ಜಿಲ್ಲೆಯವೇ. ಜಂಬಿಟ್ಟಿಗೆ ಕಲ್ಲಿನಡಿ ಜೇಡಿಮಣ್ಣು, ಮೇಲಿನಿಂದ ಎಡೆಬಿಡದ ಮಳೆ, ಬುಡದಲ್ಲಿ ಕತ್ತರಿಸಿದ ಇಳಿಜಾರು. ಮೂರೂ ಕೂಡಿದರೆ ಬೆಟ್ಟ ನಿಲ್ಲುವುದಿಲ್ಲ.

ಗ್ರಿಡ್ ಗೋಪುರ

ಮೇಷ್ಟ್ರ ಪ್ರಶ್ನೆಗೆ: ಇಂಥ ವಿದ್ಯುತ್ತಿನಲ್ಲೇ ನೀರೆತ್ತಬೇಕು ಎಂಬ ಷರತ್ತನ್ನು ನಾನು ಕಂಡಿಲ್ಲ. ಮಾರುಕಟ್ಟೆಯ ದರ ನೋಡಿ ಎತ್ತುತ್ತಾರೆ. ಹಗಲಿನ ಸೌರ ವಿದ್ಯುತ್ ಅಗ್ಗವಾದ್ದರಿಂದ ಅದನ್ನೇ ಬಳಸುವ ಸಾಧ್ಯತೆ ಹೆಚ್ಚು, ಖಾತರಿ ಇಲ್ಲ.

ಮಣ್ಣಿನವರ ಎರಡನೆಯ ಅಂಶ ನನ್ನನ್ನೂ ಯೋಚನೆಗೆ ಹಚ್ಚಿದೆ. ಆದರೂ ಪರ್ಯಾಯ ಏನು ಎಂದು ಯಾರೂ ಹೇಳುತ್ತಿಲ್ಲ. ಬ್ಯಾಟರಿ ಎನ್ನಬಹುದು. ದರ ಇಳಿಯುತ್ತಿದೆ, ಒಪ್ಪುತ್ತೇನೆ. ಆದರೆ ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕು, ಲಿಥಿಯಂ ಗಣಿ ಇನ್ಯಾರದೋ ನೀರು ಕುಡಿಯುತ್ತದೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಿಂದ ಇಂದಿಗೂ ತಿರುಗುತ್ತಿದೆ. ಯಾವ ಬ್ಯಾಟರಿ ಅಷ್ಟು ಬಾಳುತ್ತದೆ?

ಸಿಂಗಳೀಕದ ಹಿಂದೆ

ಪರ್ಯಾಯ ಎಂದರೆ ಬ್ಯಾಟರಿ ಒಂದೇ ಅಲ್ಲ. ಪಂಪ್ಡ್ ಸ್ಟೋರೇಜನ್ನೇ ಬೇರೆ ಕಡೆ ಮಾಡಬಹುದು. ಆಂಧ್ರದ ಕರ್ನೂಲು ಬಳಿ ಪಿನ್ನಾಪುರಂನಲ್ಲಿ 1680 ಮೆಗಾವ್ಯಾಟಿನದ್ದನ್ನು ಒಣ ಬಂಡೆನೆಲದಲ್ಲಿ ಕಟ್ಟಿದ್ದಾರೆ, ನದಿಯ ಮೇಲಲ್ಲ. ಒಮ್ಮೆ ನೀರು ತುಂಬಿಸಿ, ಆವಿಯಾದಷ್ಟನ್ನು ಮಾತ್ರ ಸೇರಿಸಿಕೊಂಡು ಸುತ್ತಿಸುತ್ತಾರೆ. ನಮ್ಮಲ್ಲೂ ಸವದತ್ತಿಯ ಬಳಿ ಇಂಥದ್ದೊಂದರ ಪ್ರಸ್ತಾವ ಇದೆ. ಅಲ್ಲಿಯ ಜನಕ್ಕೂ ಅವರದೇ ಆಕ್ಷೇಪಗಳಿರಬಹುದು, ಕೇಳಬೇಕು. ಆದರೆ ನಿತ್ಯಹರಿದ್ವರ್ಣ ಕಾಡಿಗೂ ಒಣ ಗುಡ್ಡಕ್ಕೂ ಒಂದೇ ತಕ್ಕಡಿ ಹಿಡಿಯಲಾಗದು. ಎತ್ತರ ಕಡಿಮೆ ಇದ್ದರೆ ಖರ್ಚು ಹೆಚ್ಚುತ್ತದೆ ಎನ್ನಬಹುದು. ಇಲ್ಲಿ ಖರ್ಚು ಕಡಿಮೆ ಎನಿಸುವುದು ಕಾಡನ್ನು ಪುಕ್ಕಟೆ ಎಂದುಕೊಂಡಿರುವುದರಿಂದ.

ಬಾಡಿಗೆ ಮನೆ ಬಸವನಗುಡಿ

ಒಂದು ಸಂದೇಹ, ಬೈಯಬೇಡಿ. ಸಿಂಗಳೀಕ ದಾಟಲು ಮರದಿಂದ ಮರಕ್ಕೆ ಸೇತುವೆ ಕಟ್ಟಬಹುದು ಎಂದು ಎಲ್ಲೋ ಓದಿದ್ದೆ.

ಸಿಂಗಳೀಕದ ಹಿಂದೆ

ಕಟ್ಟಬಹುದು, ಕಟ್ಟಿದ್ದಾರೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಚಹಾ ತೋಟಗಳ ನಡುವೆ ಪುದುತೋಟ್ಟಂ ಎಂಬ ಸಣ್ಣ ಕಾಡುತುಂಡಿದೆ. ಅಲ್ಲಿ ಸಿಂಗಳೀಕಗಳು ಬೇರೆ ದಾರಿಯಿಲ್ಲದೆ ರಸ್ತೆಗೆ ಇಳಿದು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು. ಹಳೆಯ ಬೆಂಕಿ ಆರಿಸುವ ಕೊಳವೆಗಳನ್ನು ಹೆಣೆದು ರಸ್ತೆಯ ಮೇಲೆ ಕಟ್ಟಿದರು, ಬಳಸಲು ಕಲಿತವು. ಆದರೆ ಅಲ್ಲಿನ ಗುಂಪುಗಳು ಈಗ ಮನೆಗಳ ಮಾಡಿನ ಮೇಲೂ ಕಸದ ತೊಟ್ಟಿಯ ಬಳಿಯೂ ಕಾಣುತ್ತವೆ. ಕಾಡು ತುಂಡಾದ ಎಷ್ಟೋ ದಶಕಗಳ ಮೇಲೆ ಮಾಡಿದ ತೇಪೆ ಅದು. ಶರಾವತಿಯಲ್ಲಿ ಬಟ್ಟೆ ಇನ್ನೂ ಹರಿದಿಲ್ಲ.

ಸೊಪ್ಪಿನ ಬೆಟ್ಟ

ಇನ್ನೊಂದು ಸೇರಿಸಿ. ಸಿಂಗಳೀಕ ತಿನ್ನುವ ಉಪ್ಪಾಗೆ ಹಣ್ಣನ್ನೇ ನಮ್ಮ ಕಡೆಯ ಬಡವರು ಮಳೆಗಾಲದಲ್ಲಿ ಕೊಯ್ದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಮಾರುವುದು. ಕಾಡು ಸಣ್ಣದಾದಷ್ಟೂ ಇಬ್ಬರೂ ಒಂದೇ ಮರದ ಕೆಳಗೂ ಮೇಲೂ ಪೈಪೋಟಿಗೆ ನಿಲ್ಲುತ್ತಾರೆ. ಆಮೇಲೆ "ಮಾನವ–ವನ್ಯಜೀವಿ ಸಂಘರ್ಷ" ಎಂದು ಕಾರ್ಯಾಗಾರ ನಡೆಸುತ್ತಾರೆ.

ತುಮರಿ ದಡ

ಸಂಘರ್ಷ ಎಂದರೆ ಮತ್ತೆ ನಮ್ಮ ಮೇಲೇ ಕೇಸು.

ಕಾರ್ಗಲ್ ಕಡೆಯವ

ಇಷ್ಟು ಮಾಹಿತಿ ಬರುತ್ತದೆಂದು ಅಂದುಕೊಂಡಿರಲಿಲ್ಲ. ಒಂದು ಪ್ರಶ್ನೆ ಉಳಿದಿದೆ. ಆ 16 ಸಾವಿರದ ಲೆಕ್ಕವನ್ನು ಹೇಗೆ ಮಾಡುತ್ತಾರೆ? ಕಾಡಿಗೆ ಹೋಗಿ ನಿಜವಾಗಿಯೂ ಎಣಿಸುತ್ತಾರೆಯೇ?

ಸಿಂಗಳೀಕದ ಹಿಂದೆ

ಎಣಿಸುತ್ತಾರೆ. ಎದೆಮಟ್ಟದಲ್ಲಿ ಸುತ್ತಳತೆ ಹಿಡಿದು, ಜಾತಿ ಬರೆದು, ಸುತ್ತಳತೆಯ ವರ್ಗಗಳಾಗಿ ಪಟ್ಟಿ ಮಾಡುತ್ತಾರೆ. ನಿಗದಿತ ದಪ್ಪಕ್ಕಿಂತ ಸಣ್ಣದು ಪಟ್ಟಿಗೆ ಬರುವುದಿಲ್ಲ. ಸಸಿ, ಬೆತ್ತ, ಬಳ್ಳಿ, ಮರದ ಮೇಲಿನ ಸೀತಾಳೆ, ನೆಲದ ಜರೀಗಿಡ ಯಾವುದಕ್ಕೂ ಅಲ್ಲಿ ಸಾಲು ಇಲ್ಲ. ಮಹಾಧೂಪದಂಥ ಮರದ ಬುಡದ ನೆರಳಲ್ಲಿ ಬೆಳಕಿಗೆ ಕಾದು ಹತ್ತಾರು ವರ್ಷ ಸೊಂಟದೆತ್ತರಕ್ಕೇ ನಿಂತಿರುವ ಮರಿಗಳಿರುತ್ತವೆ. ದೊಡ್ಡದು ಬಿದ್ದ ದಿನ ಮೇಲೇಳಬೇಕಾದವು ಅವು. ಪಟ್ಟಿಯ ಪ್ರಕಾರ ಅವು ಇಲ್ಲವೇ ಇಲ್ಲ.

ಗ್ರಿಡ್ ಗೋಪುರ

ಆ ಪಟ್ಟಿ ನೋಡಲು ಸಿಗುತ್ತದೆಯೇ? ಇಷ್ಟು ವರ್ಷ ವಿದ್ಯುತ್ ಕಡೆಯ ಕಡತ ಮಾತ್ರ ಓದಿದ್ದೇನೆ.

ಮಣ್ಣು ಪರೀಕ್ಷೆ

ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅರಣ್ಯ ಅನುಮತಿಯ ಅರ್ಜಿಗಳಿರುತ್ತವೆ. ಯೋಜನೆಯ ಹೆಸರಿನಿಂದ ಹುಡುಕಿ. ಮರಗಳ ಪಟ್ಟಿಗಿಂತ ಮೊದಲು ನಕ್ಷೆಯ ಕಡತ ಇಳಿಸಿಕೊಂಡು ಉಪಗ್ರಹ ಚಿತ್ರದ ಮೇಲೆ ತೆರೆಯಿರಿ. ಪ್ರವೇಶ ರಸ್ತೆಗಳ ಗೆರೆ ಯಾವ ಹಳ್ಳಗಳನ್ನು ಎಲ್ಲೆಲ್ಲಿ ದಾಟುತ್ತದೆ, ಮಣ್ಣು ಸುರಿಯುವ ಜಾಗದಿಂದ ಹತ್ತಿರದ ಹಳ್ಳಕ್ಕೆ ಎಷ್ಟು ದೂರ, ಈ ಎರಡನ್ನು ಗುರುತು ಮಾಡಿಕೊಳ್ಳಿ. ಪ್ರಸರಣ ಮಾರ್ಗದ ಗೋಪುರಗಳು ಇದೇ ಅರ್ಜಿಯಲ್ಲಿ ಸೇರಿವೆಯೋ, ಬೇರೆ ಅರ್ಜಿಯಾಗಿ ಬರುತ್ತವೆಯೋ ಎಂಬುದನ್ನೂ ನೋಡಿ. ಅದು ನಿಮ್ಮದೇ ವಿಷಯ, ನಮಗಿಂತ ನಿಮಗೆ ಬೇಗ ತಿಳಿಯುತ್ತದೆ. ಕಂಡದ್ದನ್ನು ಇಲ್ಲಿ ಹಾಕಿ.